1931ರ ಮಾಡೆಲ್ ಎ ಕೂಪಿನ ಛಾವಣಿಯನ್ನು ಮನೆಯ ಗ್ಯಾರೇಜಿನಲ್ಲೇ ಕತ್ತರಿಸಿ ತಗ್ಗಿಸಬಹುದೇ?

ನೀವು ಕೇಳಿರುವುದು ಇಷ್ಟು: ಅಮೆರಿಕದಲ್ಲಿದ್ದೀರಿ, 1931ರ ಫೋರ್ಡ್ ಮಾಡೆಲ್ ಎ ಕೂಪ್ (ಎರಡು ಬಾಗಿಲಿನ ಪುಟ್ಟ ಕಾರು) ಕೊಂಡು ಹಾಟ್ ರಾಡ್, ಅಂದರೆ ವೇಗಕ್ಕೂ ಅಂದಕ್ಕೂ ಮಾರ್ಪಡಿಸಿದ ಹಳೆಯ ಕಾರು, ಮಾಡಲು ಹೊರಟಿದ್ದೀರಿ, ಗ್ಯಾರೇಜಿನಲ್ಲಿ ತಂತಿಯನ್ನು ತಾನೇ ಉಣಿಸುತ್ತಾ ಬೆಸೆಯುವ ಮಿಗ್ ವೆಲ್ಡರ್ ಇದೆ, ಟಿಂಕರಿಂಗ್ ಕೆಲಸ ತಕ್ಕಮಟ್ಟಿಗೆ ಬರುತ್ತದೆ. ಛಾವಣಿಯನ್ನು ನಾಲ್ಕು ಇಂಚು ಇಳಿಸುವುದು ಮನೆಯಲ್ಲೇ ಆಗುವ ಕೆಲಸವೇ?

ಆಗುತ್ತದೆ. ಆದರೆ ನಾಲ್ಕು ಬೇಡ, ಮೂರು ಇಂಚು ಸಾಕು. ನಿಮ್ಮದು ಮೈಯೆಲ್ಲ ಬಾಗಿದ 1949ರ ಮರ್ಕ್ಯುರಿ ಕಾರಾಗಿದ್ದರೆ ಕೈಹಾಕಲೇಬೇಡಿ ಎನ್ನುತ್ತಿದ್ದೆ. ಕತ್ತರಿಸುವುದು ಒಂದು ಬೆಳಗಿನ ಕೆಲಸ. ಕತ್ತರಿಸಿದ್ದು ಮತ್ತೆ ಕೂಡಿಕೊಳ್ಳಬೇಕಲ್ಲ, ಕಷ್ಟವೆಲ್ಲ ಅಲ್ಲಿದೆ.

ಮುಂಗಾಜಿನ ಪಕ್ಕದ ಪಿಲ್ಲರ್ (ಛಾವಣಿಯನ್ನು ಹೊರುವ ಕಂಬ) ಮೇಲೇರುತ್ತಾ ಹಿಂದಕ್ಕೆ ವಾಲಿದೆ ಎಂದುಕೊಳ್ಳಿ. ಅದರ ನಡುವಿನಿಂದ ಮೂರು ಇಂಚು ತೆಗೆದು ಛಾವಣಿಯನ್ನು ನೇರವಾಗಿ ಕೆಳಗಿಳಿಸಿದರೆ, ಮೇಲಿನ ತುಂಡು ಕೆಳಗಿನ ಮೋಟಿನ ಮೇಲೆ ಕೂರುವುದಿಲ್ಲ, ಅದರ ಹಿಂದೆ ಇಳಿಯುತ್ತದೆ. ವಾಲಿಕೆ ಹತ್ತು ಡಿಗ್ರಿ ಇದ್ದರೆ ತಪ್ಪುವ ದೂರ ಸುಮಾರು ಅರ್ಧ ಇಂಚು. ನಲವತ್ತೈದು ಡಿಗ್ರಿ ಇದ್ದರೆ ಪೂರ್ತಿ ಮೂರು ಇಂಚು. ಹಿಂಬದಿಯ ಪಿಲ್ಲರ್ ಮುಂದಕ್ಕೆ ವಾಲಿರುವುದರಿಂದ ಅದರ ಮೇಲ್ತುಂಡು ಮೋಟಿನ ಮುಂದೆ ಇಳಿಯುತ್ತದೆ. ಅಂದರೆ ತಗ್ಗಿಸಿದ ಛಾವಣಿ ಕಾರಿಗೆ ಗಿಡ್ಡವಾಗಿಬಿಡುತ್ತದೆ. ಆಗ ಛಾವಣಿಯನ್ನು ಅಡ್ಡಲಾಗಿ ಸೀಳಿ ನಡುವೆ ತಗಡಿನ ಪಟ್ಟಿ ಸೇರಿಸಬೇಕು, ಇಲ್ಲವೇ ಪಿಲ್ಲರುಗಳ ಬುಡದಲ್ಲಿ ಸಣ್ಣ ಬೆಣೆಯಾಕಾರದ ತುಂಡು ತೆಗೆದು ಅವನ್ನು ಬಾಗಿಸಬೇಕು. ಮಾಡೆಲ್ ಎ ಕೂಪಿನ ಮುಂಗಾಜು ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ. ಅದೇ ನಿಮ್ಮ ಪುಣ್ಯ. ಮರ್ಕ್ಯುರಿಯಲ್ಲಿ ಎಲ್ಲವೂ ವಾಲಿದೆ, ಎಲ್ಲವೂ ಬಾಗಿದೆ. ಹಿರೊಹಾಟ ಮರ್ಕ್ ಎಂದೇ ಹೆಸರಾದ 1951ರ ಮರ್ಕ್ಯುರಿಗೆ ಕ್ಯಾಲಿಫೋರ್ನಿಯಾದಲ್ಲಿ ಕಾರು ಮಾರ್ಪಡಿಸುತ್ತಿದ್ದ ಬ್ಯಾರಿಸ್ ಸಹೋದರರು 1952ರಲ್ಲಿ ಛಾವಣಿ ತಗ್ಗಿಸಿದಾಗ ನಡುಗಂಬವನ್ನೇ ತೆಗೆದುಹಾಕಿ ಇಡೀ ಪಕ್ಕದ ನೋಟವನ್ನು ಹೊಸದಾಗಿ ಕಟ್ಟಿದ್ದರು. ಅದು ಪಳಗಿದವರ ಕೈಕೆಲಸ, ನಮ್ಮಂಥವರ ಶನಿವಾರದ ಹವ್ಯಾಸವಲ್ಲ.

ಮೂರು ಇಂಚು ಏಕೆಂದರೆ, ದಕ್ಷಿಣ ಕ್ಯಾಲಿಫೋರ್ನಿಯಾದ ಮುರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಗಳ ಮೇಲೆ ವೇಗಕ್ಕಾಗಿ ಕಾರು ಓಡಿಸುತ್ತಿದ್ದವರಿಗೆ ಗಾಳಿಗೆ ಎದುರಾಗುವ ಮೈ ಕಡಿಮೆಯಾದಷ್ಟೂ ಲಾಭವಿತ್ತು. ನಿಮಗೆ ಟ್ರಾಫಿಕ್ ದೀಪ ಕಾಣಬೇಕು. ಗ್ರೈಂಡರ್ ಹಿಡಿಯುವ ಮೊದಲು ಮುಂಗಾಜಿನ ಮೇಲಂಚಿನಿಂದ ಮೂರು ಇಂಚು ಕೆಳಕ್ಕೆ ಕಾಗದದ ಟೇಪ್ ಅಂಟಿಸಿ, ಸೀಟಿನಲ್ಲಿ ಕೂತು ಮನೆಯ ಮುಂದಿನ ದಾರಿಯನ್ನೊಮ್ಮೆ ನೋಡಿ. ತಲೆ ಬಗ್ಗಿಸಬೇಕಾಗಿ ಬಂದರೆ ಸೀಟು ಇಳಿಸಲು ಜಾಗವಿದೆಯೇ ಎಂದು ಅಳೆಯಿರಿ. ನಾಲ್ಕರ ಆಸೆ ಅಲ್ಲಿಗೇ ಇಳಿಯುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಮಾಡೆಲ್ ಎ ಕಾರಿನ ಪೆಟ್ರೋಲ್ ಟ್ಯಾಂಕ್ ಹಿಂದೆ ಇಲ್ಲ. ಮುಂಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ಹಿಂದೆಯೇ ಇದೆ. ನೀವು ಕಿಡಿ ಹಾರಿಸಲಿರುವ ಪಿಲ್ಲರುಗಳ ಬುಡದಲ್ಲೇ ಅದು ಕೂತಿದೆ. ಪೆಟ್ರೋಲ್ ಖಾಲಿ ಮಾಡಿದರೆ ಸಾಕು ಎಂದುಕೊಳ್ಳಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಅಪಾಯ. ಟ್ಯಾಂಕನ್ನು ಬಿಚ್ಚಿ ಗ್ಯಾರೇಜಿನಿಂದ ಹೊರಗಿಡಿ. ಹಾಟ್ ರಾಡ್ ಮಾಡುವವರು ಹೇಗೂ ಹೊಸ ಟ್ಯಾಂಕನ್ನು ಹಿಂದಕ್ಕೆ ಸಾಗಿಸುತ್ತಾರೆ. ಇನ್ನು ಆ ಛಾವಣಿ ಪೂರ್ತಿ ಉಕ್ಕಿನದಲ್ಲ: ಅಂಚು ಮಾತ್ರ ಉಕ್ಕು, ನಡುವೆ ಮರದ ಪಟ್ಟಿ, ತಂತಿಜಾಲ, ಹತ್ತಿ, ಅದರ ಮೇಲೆ ಬಟ್ಟೆಯ ಹೊದಿಕೆ. ತೊಂಬತ್ತು ವರ್ಷ ಒಣಗಿದ ಹತ್ತಿಗೆ ಒಂದು ಕಿಡಿ ಸಾಕು. ಅದನ್ನೆಲ್ಲ ಕಿತ್ತುಹಾಕಿ. ಒಂದು ಅನುಕೂಲವೂ ಇದೆ, ನಡು ತೆರೆದರೆ ತಗಡಿನ ಎರಡೂ ಬದಿಗೆ ಸುತ್ತಿಗೆ ನಿಲುಕುತ್ತದೆ.

ಇನ್ನು ಬಾಗಿಲುಗಳು. ಕಾರನ್ನು ಸ್ಟ್ಯಾಂಡುಗಳ ಮೇಲಿಟ್ಟು ರಸಮಟ್ಟ ಹಿಡಿದು ಸಮ ಮಾಡಿ. ಬಾಗಿಲು ಮುಚ್ಚಿದಾಗ ಸುತ್ತಲಿನ ಸಂದು ಒಂದೇ ಸಮನಾಗಿ ಬರುವ ತನಕ ಹಿಂಜುಗಳನ್ನು ಸರಿಪಡಿಸಿ. ಆಮೇಲೆ ಒಂದು ಇಂಚಿನ ಚೌಕದ ಪೈಪುಗಳನ್ನು ಒಳಗೆ ಅಡ್ಡಕ್ಕೆ, ಉದ್ದಕ್ಕೆ, ಮೂಲೆಯಿಂದ ಮೂಲೆಗೆ ಬೆಸೆಯಿರಿ, ಎಲ್ಲವೂ ಕತ್ತರಿಸುವ ಗೆರೆಗಿಂತ ಕೆಳಗಿರಲಿ. ಛಾವಣಿ ಕಳಚಿದ ಕೂಪಿನ ಮೈ ಮುಚ್ಚಳವಿಲ್ಲದ ರಟ್ಟಿನ ಡಬ್ಬಿಯ ಹಾಗೆ ಅಗಲವಾಗಿಬಿಡುತ್ತದೆ. ಒಮ್ಮೆ ಅಗಲವಾದರೆ ಬಾಗಿಲ ಚಿಲಕ ಎಂದೂ ಸರಿಯಾಗಿ ಕೂರದು. ನಾನು ಈ ಕೆಲಸದಲ್ಲಿ ಅತಿ ಹೆಚ್ಚು ಸಮಯ ಕಳೆದದ್ದು ಇಲ್ಲೇ, ಅದಕ್ಕೆ ಬೇಸರವಿಲ್ಲ.

ಗೆರೆ ಎಳೆಯುವಾಗ ಎಲ್ಲ ಪಿಲ್ಲರುಗಳನ್ನೂ ಒಂದೇ ಎತ್ತರದಲ್ಲಿ ಕತ್ತರಿಸಬೇಕೆಂದಿಲ್ಲ. ಪ್ರತಿಯೊಂದರಲ್ಲೂ ದಪ್ಪ ಬದಲಾಗದ, ನೇರವಾದ ಜಾಗ ಹುಡುಕಿ. ಎರಡು ಗೆರೆಗಳ ನಡುವಿನ ಮೂರು ಇಂಚನ್ನು ಮಾತ್ರ ಲಂಬವಾಗಿ ಅಳೆಯಿರಿ, ವಾಲಿದ ಪಿಲ್ಲರಿನ ಮೈಗುಂಟ ಟೇಪ್ ಹಿಡಿಯಬೇಡಿ. ಹಿಂಗಾಜು ಪುಟ್ಟದು, ಅದರ ನಡುವೆಯೇ ಕತ್ತರಿಸಿ ಅದನ್ನೂ ಗಿಡ್ಡ ಮಾಡುವುದೋ, ಸುತ್ತ ಕತ್ತರಿಸಿ ಮೂಲ ಅಳತೆಯಲ್ಲೇ ಉಳಿಸುವುದೋ, ಅದು ನಿಮ್ಮ ಕಣ್ಣಿಗೆ ಬಿಟ್ಟದ್ದು. ಗಿಡ್ಡ ಮಾಡಿದರೆ ಪಕ್ಕದ ಗಾಜುಗಳೊಂದಿಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ತೆಳುವಾದ ಕಟಿಂಗ್ ವೀಲ್ ಬಳಸಿ. ಛಾವಣಿ ಎತ್ತಲು ಇನ್ನಿಬ್ಬರನ್ನು ಕರೆಯಿರಿ.

ಕೂರಿಸಿದ ಮೇಲೆ ಪಿಲ್ಲರಿನ ಒಳಗೆ ಬಿಗಿಯಾಗಿ ಕೂರುವ ಉಕ್ಕಿನ ತುಂಡೊಂದನ್ನು ಸೇರಿಸಿ ಬೆಸೆಯಿರಿ. ಬರೀ ಅಂಚಿಗೆ ಅಂಚು ಹಚ್ಚಿದರೆ ಬಲವಿಲ್ಲ. ಹೊರಗಿನ ತಗಡಿಗೆ 0.6 ಮಿಲಿಮೀಟರ್ ತಂತಿ, ಚುಕ್ಕೆ ಚುಕ್ಕೆಯಾಗಿ ಬೆಸುಗೆ. ಎಡಕ್ಕೊಂದು ಹಾಕಿದರೆ ಮುಂದಿನದು ಬಲಕ್ಕೆ, ನಡುವೆ ಕೈಗೆ ಬಿಸಿ ತಾಗದಷ್ಟು ಆರಲಿ. ಅವಸರಕ್ಕೆ ಉದ್ದನೆಯ ಗೆರೆ ಎಳೆದರೆ ತಗಡು ಸೊಟ್ಟಗಾಗಿ, ಮೇಲೆ ಬೊಗಸೆಗಟ್ಟಲೆ ಪುಟ್ಟಿ ಮೆತ್ತಬೇಕಾಗುತ್ತದೆ. ಹಿಂದಿನವರು ಪುಟ್ಟಿಯ ಬದಲು ಕರಗಿಸಿದ ಸೀಸ ತುಂಬುತ್ತಿದ್ದರು. ನೀವು ಕೊಂಡ ಕಾರಿನಲ್ಲಿ ಯಾರಾದರೂ ಮೊದಲೇ ಹಾಗೆ ಮಾಡಿದ್ದರೆ, ಅದನ್ನು ಗ್ರೈಂಡರ್‌ನಿಂದ ಉಜ್ಜಿ ಪುಡಿ ಮಾಡಬೇಡಿ, ಸೀಸದ ಧೂಳು ವಿಷ.

ಇದನ್ನು ಓದಿ ಊರಿನ ಹಳೆಯ ಅಂಬಾಸಿಡರ್ ಮೇಲೆ ಕಣ್ಣು ಹಾಕುವವರಿಗೆ ಒಂದು ಮಾತು: ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇಂಥ ಬದಲಾವಣೆಗೆ ಅಡ್ಡ ಬರುತ್ತದೆ. ರಸ್ತೆಗಿಳಿಸುವ ಗಾಡಿಗೆ ಈ ಕೆಲಸ ಬೇಡ.

ಕೊನೆಗೆ ಗಾಜು. ನಿಮ್ಮ ಕಾರಿನ ಗಾಜೆಲ್ಲ ಚಪ್ಪಟೆ, ಹಾಗಾಗಿ ಗಾಜಿನಂಗಡಿಯಲ್ಲಿ ಹೊಸದನ್ನು ಕತ್ತರಿಸಿಕೊಡುತ್ತಾರೆ. ಬೆಸುಗೆ, ಪೇಂಟು ಎಲ್ಲ ಮುಗಿದ ಮೇಲೆ ಪ್ರತಿ ಕಿಟಕಿಗೂ ಬೇರೆಬೇರೆ ರಟ್ಟಿನ ಅಚ್ಚು ಮಾಡಿ ಒಯ್ಯಿರಿ, ಎಡ ಬಲ ಒಂದೇ ಎಂದು ನಂಬಬೇಡಿ. ಮುಂಗಾಜಿನ ಚೌಕಟ್ಟನ್ನೂ ಅಷ್ಟೇ ಗಿಡ್ಡ ಮಾಡಬೇಕೆಂಬುದು ನೆನಪಿರಲಿ. ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜನ್ನೇ ಕೇಳಿ, ಮುಂಗಾಜಿನ ಮೇಲೆ ಎಎಸ್-1 ಗುರುತು (ಅಮೆರಿಕದಲ್ಲಿ ಮುಂಗಾಜಿಗೆ ತಕ್ಕ ಗಾಜೆಂಬ ಮುದ್ರೆ) ಇರಬೇಕು. ಟೆಂಪರ್ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಪುಡಿಪುಡಿಯಾಗುತ್ತದೆ. ಪಿಲ್ಲರುಗಳ ಚಿತ್ರವನ್ನು ಪಕ್ಕದಿಂದ ತೆಗೆದು ಹಾಕಿದರೆ ಗೆರೆ ಎಲ್ಲಿ ಬಿದ್ದರೆ ಒಳ್ಳೆಯದೆಂದು ತಿಳಿಸುತ್ತೇನೆ.