ಕಲಟ್ರಾವ 6119 ಮತ್ತು ಖಾಕಿ ಫೀಲ್ಡ್: ದಿನಬಳಕೆಗೆ ಯಾವುದು?

ಎರಡೂ ಕೈಯಿಂದ ಕೀಲಿ ಕೊಡುವ ವಾಚುಗಳೇ ಆಗಿರುವಾಗ ಪಾಟೆಕ್ ಫಿಲಿಪ್ ಕಲಟ್ರಾವ 6119ಕ್ಕೂ ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಮೆಕ್ಯಾನಿಕಲ್‌ಗೂ ಬೆಲೆಯಲ್ಲಿ ಇಷ್ಟು ಅಂತರವೇಕೆ, ದಿನಬಳಕೆಗೆ ಯಾವುದು ಸೂಕ್ತ ಎಂದು ತಾವು ಕೇಳಿದ್ದೀರಿ. ಉಪಯೋಗವನ್ನಷ್ಟೇ ನೋಡಿದರೆ ಹ್ಯಾಮಿಲ್ಟನ್ನೇ ಮುಂದು: ಪೂರ್ತಿ ಕೀಲಿ ಕೊಟ್ಟರೆ ಅದು 80 ಗಂಟೆ ನಡೆಯುತ್ತದೆ, ಕಲಟ್ರಾವ 65 ಗಂಟೆ, ಜಲನಿರೋಧಕತೆಯೂ 30 ಮೀಟರಿನ ಬದಲು 50 ಮೀಟರ್. ಕತ್ತಲಲ್ಲಿ ಹೊಳೆಯುವ ಮುಳ್ಳುಗಳೂ ಅದಕ್ಕೇ ಇವೆ.

ಪಾಟೆಕ್‌ಗೆ ಕೊಡುವ ಹಣ ಚಿನ್ನದ ಕವಚಕ್ಕೆ ಮಾತ್ರವಲ್ಲ, ಕೇವಲ 2.55 ಮಿಲಿಮೀಟರ್ ದಪ್ಪದ ಯಂತ್ರದ ಬಿಡಿಭಾಗಗಳ ಅಂಚುಗಳನ್ನು ಸವರಿ ಹೊಳಪು ಕೊಡುವ ಕುಶಲಕರ್ಮಕ್ಕೂ ಸಲ್ಲುತ್ತದೆ. ಹಿಂಬದಿಯ ಗಾಜಿನಲ್ಲಿ ಅದು ಕಾಣಿಸುತ್ತದೆ ಕೂಡ. ಆದರೆ ವಾಚಿನ ಮುಖದ ಸುತ್ತಲಿನ ಅಂಚಿನುದ್ದಕ್ಕೂ ಇರುವ ಸಣ್ಣ ಪಿರಮಿಡ್ ಕೆತ್ತನೆಯ ಮೃದುವಾದ ಚಿನ್ನ ಬಸ್ಸಿನ ಕಂಬಿಗೆ ತಗುಲಿದರೆ ಗೀರು ಖಂಡಿತ. ದಿನಬಳಕೆಗೆ ಖಾಕಿಯನ್ನೇ ಕೊಳ್ಳಿರಿ.