ಜಗತ್ತಿನ ಅಷ್ಟಾಗಿ ಗೊತ್ತಿಲ್ಲದ ಸಿನಿಮಾಗಳನ್ನು ಒಂದು ವರ್ಷದಲ್ಲಿ ನೋಡಬೇಕು, ದೇಶಕ್ಕೊಂದರಂತೆ ನೂರರ ಪಟ್ಟಿ ಕೊಡುತ್ತೀರಾ?

ದೇಶಕ್ಕೊಂದು, ವರ್ಷದಲ್ಲಿ ನೂರು. ನಿಮ್ಮ ಪ್ರಶ್ನೆ ಓದಿ ನಗು ಬಂತು, ಯಾಕಂದ್ರೆ ಇದೇ ಎಕ್ಸೆಲ್ ಶೀಟ್ ನನ್ನ ಹತ್ತಿರವೂ ಇತ್ತು. ಮೊದಲ ಕಾಲಂನಲ್ಲಿ ದೇಶ, ಆಮೇಲೆ ಸಿನಿಮಾ, ಆಮೇಲೆ ನಿರ್ದೇಶಕರ ಹೆಸರು, ಕೊನೆಗೆ ಟಿಕ್. ಟಿಕ್ ಹಾಕಿದರೆ ಇಡೀ ಸಾಲು ಹಸಿರಾಗುತ್ತಿತ್ತು. ಸಿನಿಮಾ ನೋಡಿದ್ದಕ್ಕಿಂತ ಆ ಹಸಿರು ನೋಡುವುದರಲ್ಲೇ ನನಗೆ ಖುಷಿ ಜಾಸ್ತಿ.

ಶುರುವಿನಲ್ಲಿ ಸರಿಯಾಗೇ ನೋಡುತ್ತಿದ್ದೆ. ಮೂರನೇ ತಿಂಗಳಿಗೆ ಲೆಕ್ಕದಲ್ಲಿ ಹಿಂದೆ ಬಿದ್ದೆ. ಸರಿ, ವೇಗ ಒಂದೂವರೆ ಪಟ್ಟು ಮಾಡಿಕೊಂಡೆ. ಅದು ಸಣ್ಣ ತಪ್ಪು. ದೊಡ್ಡದು ಬೇರೆ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗೊತ್ತಿಲ್ಲದ ಭಾಷೆಯ ಸಿನಿಮಾ ನೋಡುವಾಗ ಕಣ್ಣು ಪರದೆಯ ಕೆಳಗಡೆಯೇ ಕೂತಿರುತ್ತದೆ. ಸಬ್‌ಟೈಟಲ್ ಬಂತಾ, ಕಥೆ ಮುಂದೆ ಹೋಗುತ್ತಿದೆ. ಬರಲಿಲ್ವಾ, ಏನೂ ನಡೆಯುತ್ತಿಲ್ಲ. ಹೀಗಂತ ಯಾರೂ ಹೇಳಿಕೊಡುವುದಿಲ್ಲ, ಮನಸ್ಸು ತಾನೇ ತೀರ್ಮಾನ ಮಾಡಿಬಿಡುತ್ತದೆ. ನನ್ನ ಹೆಬ್ಬೆರಳು ಹತ್ತು ಸೆಕೆಂಡ್ ಮುಂದೆ ಹಾರುವ ಬಟನ್ ಮೇಲೇ ಇರುತ್ತಿತ್ತು. ಯಾರೋ ಬೆಟ್ಟ ಹತ್ತುತ್ತಿದ್ದಾರೆ, ಮಾತಿಲ್ಲ. ಟಕ್. ಯಾರೋ ಕಿಟಕಿ ಹತ್ತಿರ ಕೂತಿದ್ದಾರೆ. ಟಕ್ ಟಕ್. ಮತ್ತೆ ಅಕ್ಷರ ಕಾಣಿಸಿದ ಕೂಡಲೇ ಬೆರಳು ಎತ್ತುತ್ತಿದ್ದೆ. ಒಂದೂ ಡೈಲಾಗ್ ಬಿಟ್ಟಿಲ್ಲ ಅನ್ನೋ ಹೆಮ್ಮೆ ಬೇರೆ! ಹಾಗೆ ನಲವತ್ತಕ್ಕೂ ಜಾಸ್ತಿ ಸಿನಿಮಾ 'ನೋಡಿದೆ'.

ಪಟ್ಟಿಯಲ್ಲಿ ಉರುಗ್ವೆ ಪಾಲಿಗೆ ಇದ್ದದ್ದು 'ವಿಸ್ಕಿ', 2004ರ ಸಿನಿಮಾ. ಅದನ್ನು ಹೇಳಿದ್ದು ಒಬ್ಬ ಹಿರಿಯ ಗೆಳೆಯರು. ನನಗೆ ಹೊರಗಿನ ಸಿನಿಮಾಗಳ ರುಚಿ ಹತ್ತಿಸಿದವರೇ ಅವರು. ಕಥೆ ಇಷ್ಟು: ಹಾಕೋಬೊ ಅನ್ನೋ ವಯಸ್ಸಾದ ಮನುಷ್ಯ ಒಂದು ಹಳೇ ಕಾಲುಚೀಲದ ಕಾರ್ಖಾನೆ ನಡೆಸುತ್ತಿದ್ದಾನೆ. ತಮ್ಮ ಬ್ರೆಜಿಲ್‌ನಿಂದ ಬರುತ್ತಿದ್ದಾನೆ, ಅವನ ಮುಂದೆ ಮರ್ಯಾದೆ ಉಳಿಯಬೇಕು. ಅದಕ್ಕೆ ಕಾರ್ಖಾನೆಯಲ್ಲೇ ಕೆಲಸ ಮಾಡುವ ಮಾರ್ತಾಳನ್ನು ಕೆಲವು ದಿನ ಹೆಂಡತಿ ಹಾಗೆ ಇರು ಅಂತ ಕೇಳುತ್ತಾನೆ. ಫೋಟೊ ತೆಗೆಯುವಾಗ ಬಾಯಲ್ಲಿ ನಗು ಬರಲಿ ಅಂತ ಅಲ್ಲಿ 'ವಿಸ್ಕಿ' ಅನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ.

ನೋಡಿ ಮುಗಿಸಿ, ಸಾಲು ಹಸಿರು ಮಾಡಿ, ಅವರಿಗೆ ಫೋನ್ ಮಾಡಿದೆ. "ಚೆನ್ನಾಗಿದೆ ಸರ್, ಕೊನೆ ಮಾತ್ರ ಅರ್ಧಂಬರ್ಧ ಬಿಟ್ಟಿದ್ದಾರೆ" ಅಂದೆ.

"ಆ ಶಟರ್ ಎತ್ತೋದು ಹೇಗನ್ನಿಸ್ತು ನಿಂಗೆ?" ಅಂತ ಕೇಳಿದರು.

"ಯಾವ ಶಟರ್ ಸರ್?"

ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಬೇರೆ ಏನೋ ಮಾತು ತೆಗೆದರು. ಬೈದಿದ್ದರೆ ಚೆನ್ನಾಗಿತ್ತು. ಆ ದಿನದ ನಂತರ ಅವರು ನನಗೆ ಒಂದು ಸಿನಿಮಾವನ್ನೂ ಹೇಳಲಿಲ್ಲ. ನಾನಾಗಿ ಕೇಳಿದರೂ "ನಿನ್ನ ಲಿಸ್ಟ್ ಇದೆಯಲ್ಲಪ್ಪ" ಅಂದುಬಿಡುತ್ತಿದ್ದರು.

ಎರಡು ವರ್ಷ ಬಿಟ್ಟು ಮತ್ತೆ ನೋಡಿದೆ, ಬಟನ್ ಮುಟ್ಟದೆ. ಬೆಳಿಗ್ಗೆ ಹಾಕೋಬೊ ಬರುವಷ್ಟರಲ್ಲಿ ಮಾರ್ತಾ ಬಾಗಿಲಲ್ಲಿ ಕಾಯುತ್ತಿರುತ್ತಾಳೆ. ಅವನು ಶಟರ್ ಎತ್ತುತ್ತಾನೆ. ಲೈಟು, ಮೆಷಿನ್ನು. ಮರುದಿನ ಮತ್ತೆ ಅದೇ. ನಾನು ಎರಡನೇ ಸಲವೇ 'ಇದು ಆಗಲೇ ಆಯ್ತಲ್ಲ' ಅಂತ ಹಾರಿಸಿಬಿಟ್ಟಿದ್ದೆ. ಕೊನೆಯಲ್ಲೂ ಒಂದು ಬೆಳಿಗ್ಗೆ ಇದೆ, ಅದರಲ್ಲಿ ಒಂದೇ ಒಂದು ವಿಷಯ ತಪ್ಪುತ್ತದೆ. ಏನು ಅಂತ ಹೇಳಲ್ಲ. ಆದರೆ ಹಿಂದಿನ ಬೆಳಗುಗಳು ಮೈಗೆ ಒಗ್ಗಿರದಿದ್ದರೆ ಅದು ತಪ್ಪಿದ್ದೇ ಗೊತ್ತಾಗುವುದಿಲ್ಲ. ಅರ್ಧಂಬರ್ಧ ಮಾಡಿದ್ದು ನಾನೇ.

ಇದೊಂದೇ ಆಗಿದ್ದರೆ ಬಿಡಬಹುದಿತ್ತು. ಹಾರಿಸಿದ್ದೆಲ್ಲ ವಾಪಸ್ ನೋಡುತ್ತಾ ಹೋದ ಹಾಗೆ ಹೊಟ್ಟೆ ಉರಿಯಿತು. ಮಂಗೋಲಿಯಾದ 'ದಿ ಸ್ಟೋರಿ ಆಫ್ ದ ವೀಪಿಂಗ್ ಕ್ಯಾಮಲ್', 2003ರದ್ದು. ಗೋಬಿ ಮರುಭೂಮಿಯಲ್ಲಿ ಒಂದು ಒಂಟೆ ಕಷ್ಟಪಟ್ಟು ಬಿಳಿ ಮರಿ ಹಾಕುತ್ತದೆ, ಆದರೆ ಹತ್ತಿರ ಸೇರಿಸುವುದಿಲ್ಲ, ಹಾಲೂ ಕೊಡುವುದಿಲ್ಲ. ಮನೆಯವರು ಒಬ್ಬ ವಾದ್ಯಗಾರನನ್ನು ಕರೆಸುತ್ತಾರೆ. ಆತ ಎರಡು ತಂತಿಯ ಪಿಟೀಲಿನಂಥ ವಾದ್ಯವನ್ನು ಮೊದಲು ಒಂಟೆಯ ಡುಬ್ಬಕ್ಕೆ ನೇತುಹಾಕುತ್ತಾನೆ. ಗಾಳಿಗೆ ತಂತಿ ತಾನಾಗಿ ಗುಂಯ್ ಅನ್ನುತ್ತದೆ. ಆಮೇಲೆ ಅವನು ನುಡಿಸುತ್ತಾನೆ, ಮನೆಯ ಹೆಂಗಸು ಒಂಟೆಯ ಮೈ ಸವರುತ್ತಾ ಹಾಡುತ್ತಾಳೆ. ನಿಜವಾದ ಒಂಟೆ, ನಿಜವಾದ ಮನೆಯವರು. ಈ ಜಾಗದಲ್ಲಿ ಸಬ್‌ಟೈಟಲ್‌ಗೆ ಕೆಲಸವೇ ಇಲ್ಲ. ನಾನು ಎಷ್ಟು ಸಲ ಟಕ್ ಅನ್ನಿಸಿದ್ದೆ ಅಂತ ಹೇಳಲು ನಾಚಿಕೆ ಆಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ಪಟ್ಟಿ ಕೊಡಲ್ಲ. ಮೊದಲನೆಯದಾಗಿ ಈ 'ಗೊತ್ತಿಲ್ಲದ ಸಿನಿಮಾ' ಅನ್ನೋದೇ ನನಗೆ ಒಪ್ಪಿಗೆ ಇಲ್ಲ. ಯಾರಿಗೆ ಗೊತ್ತಿಲ್ಲ? ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಅವರನ್ನು ಆಫ್ರಿಕನ್ ಸಿನಿಮಾದ ತಂದೆ ಅಂತಲೇ ಕರೆಯುತ್ತಾರೆ. ಅವರ 1966ರ 'ಬ್ಲ್ಯಾಕ್ ಗರ್ಲ್' ನಮಗೆ ತಡವಾಗಿ ಸಿಕ್ಕಿತು, ಅಷ್ಟೇ. ಎರಡನೆಯದಾಗಿ, ದೇಶಕ್ಕೊಂದು ಅಂತ ನೋಡುವುದು ಸ್ಟಾಂಪ್ ಕೂಡಿಡುವ ಕೆಲಸ. ಒಂದು ಸಿನಿಮಾ ನೋಡಿ ಇಡೀ ದೇಶಕ್ಕೆ ಟಿಕ್ ಹಾಕಿ ಎದ್ದು ಬಂದರೆ ಆ ಊರಿನವರಿಗೆ ಏನನ್ನಿಸಬೇಡ?

ನನ್ನ ಮಾತು ಕೇಳುವುದಾದರೆ ಒಂದೇ ಊರಿನಲ್ಲಿ ಮೂರು ಸಲ ಇಳಿಯಿರಿ. ಇರಾನಿನ ಅಬ್ಬಾಸ್ ಕಿಯರೊಸ್ತಾಮಿ 1987ರಲ್ಲಿ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್?' ಮಾಡಿದರು. ಕೋಕರ್ ಅನ್ನೋ ಹಳ್ಳಿಯ ಹುಡುಗ ಅಹ್ಮದ್ ತಪ್ಪಿ ಗೆಳೆಯನ ನೋಟ್‌ಬುಕ್ ತಂದುಬಿಟ್ಟಿದ್ದಾನೆ. ನಾಳೆ ಅದರಲ್ಲೇ ಹೋಂವರ್ಕ್ ಬರೆದು ತೋರಿಸದಿದ್ದರೆ ಗೆಳೆಯನನ್ನು ಶಾಲೆಯಿಂದ ಹೊರಗೆ ಹಾಕುತ್ತಾರೆ. ಅದನ್ನು ಕೊಡಲು ಪಕ್ಕದ ಹಳ್ಳಿಗೆ ಓಡುತ್ತಾನೆ, ಮನೆ ಗೊತ್ತಿಲ್ಲ. ಇಷ್ಟೇ ಕಥೆ, ಒಂದೂವರೆ ಗಂಟೆಯೂ ಇಲ್ಲ. 1990ರಲ್ಲಿ ಆ ಭಾಗದಲ್ಲಿ ಭಾರಿ ಭೂಕಂಪವಾಯಿತು. 1992ರ 'ಅಂಡ್ ಲೈಫ್ ಗೋಸ್ ಆನ್'ನಲ್ಲಿ ಒಬ್ಬ ನಿರ್ದೇಶಕ, ಹಿಂದಿನ ಸಿನಿಮಾದ ಹುಡುಗರು ಬದುಕಿದ್ದಾರಾ ಅಂತ ಹುಡುಕಿಕೊಂಡು ಹೊರಡುತ್ತಾನೆ. 1994ರ 'ಥ್ರೂ ದಿ ಆಲಿವ್ ಟ್ರೀಸ್' ಆ ಎರಡನೇ ಸಿನಿಮಾದ ಒಂದು ಸಣ್ಣ ದೃಶ್ಯದ ಶೂಟಿಂಗ್ ಸುತ್ತ ನಡೆಯುತ್ತದೆ. ಅದರಲ್ಲಿ ಗಂಡ ಹೆಂಡತಿಯಾಗಿ ನಟಿಸುತ್ತಿರುವ ಇಬ್ಬರಲ್ಲಿ ಹುಡುಗನಿಗೆ ಹುಡುಗಿಯನ್ನು ನಿಜವಾಗಿ ಮದುವೆ ಆಗುವ ಆಸೆ. ಅವಳು ಅವನ ಜೊತೆ ಮಾತೇ ಆಡುವುದಿಲ್ಲ. ಕೊನೆಯಲ್ಲಿ ಅವನು ಅವಳ ಹಿಂದೆ ಹೋಗುತ್ತಾನೆ, ಹೋಗಿ ಹೋಗಿ ಇಬ್ಬರೂ ದೂರದ ಹಸಿರಿನಲ್ಲಿ ಎರಡು ಬಿಳಿ ಚುಕ್ಕೆ ಆಗುತ್ತಾರೆ. ಅವಳು ಏನೋ ಉತ್ತರ ಕೊಟ್ಟಳಾ? ನಮಗೆ ಕೇಳಿಸುವುದಿಲ್ಲ. ಪರದೆಯ ಕೆಳಗೆ ಒಂದಕ್ಷರವೂ ಇಲ್ಲ. ಕಣ್ಣು ಕಿರಿದು ಮಾಡಿಕೊಂಡು ಚುಕ್ಕೆಗಳನ್ನು ನೋಡುತ್ತಾ ಕೂತಿದ್ದೆ, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು.

ಇಷ್ಟು ಹೇಳಿದ ಮೇಲೂ 'ಆ ಎಕ್ಸೆಲ್ ಆದರೂ ಕಳಿಸಿ' ಅಂತ ಕೇಳಬೇಡಿ. ಅದನ್ನು ಡಿಲೀಟ್ ಮಾಡಿ ಬಹಳ ದಿನ ಆಯ್ತು.