ರಾತ್ರಿ ಯಕ್ಷಗಾನ ಆಟ ಶೂಟ್ ಮಾಡಲು ಯಾವ ಕ್ಯಾಮೆರಾ ಬಾಡಿ?

ಸರ್, ನಿಮ್ಮ ಸಮಸ್ಯೆ ನನಗೆ ಅರ್ಥವಾದದ್ದು ಹೀಗೆ. ಕೈಯಲ್ಲಿರುವುದು ಕ್ಯಾನನ್ 200ಡಿ ಮಾರ್ಕ್ 2, ಜೊತೆಗೆ 18-55 ಮತ್ತು 55-250 ಲೆನ್ಸ್. ಯಕ್ಷಗಾನ ಶೂಟ್ ಮಾಡುವಾಗ 4ಕೆಯಲ್ಲಿ ಫೋಕಸ್ ಅಲೆದಾಡುತ್ತದೆ, ಚಿತ್ರ ಕಾಳು ಕಾಳಾಗಿ ಬರುತ್ತದೆ, ಅರ್ಧ ಗಂಟೆಗೆ ರೆಕಾರ್ಡಿಂಗ್ ತಾನೇ ನಿಲ್ಲುತ್ತದೆ. ಕ್ಯಾನನ್ ಆರ್50, ಆರ್8, ಪ್ಯಾನಾಸೋನಿಕ್ ಎಸ್5 ಮಾರ್ಕ್ 2, ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ.

ಇಡೀ ಆಟ ತೆಗೆಯುವುದಾದರೆ ನನ್ನ ಓಟು ಎಸ್5 ಮಾರ್ಕ್ 2ಕ್ಕೆ. ಆದರೆ ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ ನೋಡಿ. ನಿಮ್ಮ 200ಡಿಯಲ್ಲಿ 4ಕೆ ಆನ್ ಮಾಡಿದ ಕೂಡಲೇ ಚಿತ್ರ ಇನ್ನಷ್ಟು ಕ್ರಾಪ್ ಆಗುತ್ತದೆ (ಅಂಚು ಕತ್ತರಿಸಿಹೋಗುತ್ತದೆ), ಕ್ಯಾನನ್ನಿನ ವೇಗದ ಡ್ಯುಯಲ್ ಪಿಕ್ಸೆಲ್ ಆಟೋಫೋಕಸ್ ಕೂಡ ಹೋಗುತ್ತದೆ. ಫೋಕಸ್ ಅಲೆದಾಡುವುದು ಅದಕ್ಕೇ. ಫುಲ್ ಎಚ್‌ಡಿ 25ಪಿಗೆ (ಸೆಕೆಂಡಿಗೆ 25 ಫ್ರೇಮ್) ಬನ್ನಿ, ಶಟರ್ 1/50 ಇಡಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್ ಅಲ್ವಾ, ಲೈಟಿನ ಪಟ್ಟೆಗಳೂ ಕಡಿಮೆಯಾಗುತ್ತವೆ. ಯೂಟ್ಯೂಬಿಗೆ ಹಾಕಲು ಇದೇ ಸಾಕು ಅನ್ನಿಸಿದರೆ ದುಡ್ಡು ಉಳಿಯಿತು.

ಕಾಳು ಬರುವುದಕ್ಕೆ ಮಾತ್ರ ಬಾಡಿಗಿಂತ ಲೆನ್ಸೇ ಜಾಸ್ತಿ ಕಾರಣ. 55-250 ಪೂರ್ತಿ ಜೂಮ್ ಮಾಡಿದಾಗ ಎಫ್5.6 (ಈ ಅಂಕಿ ಸಣ್ಣದಾದಷ್ಟೂ ಬೆಳಕು ಜಾಸ್ತಿ). ಅದೇ ಜಾಗದಲ್ಲಿ ಎಫ್1.8 ಲೆನ್ಸ್ ಇದ್ದರೆ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಅಂದರೆ ಐಎಸ್‌ಒ (ಇದು ಏರಿಸಿದಷ್ಟೂ ಕಾಳು ಜಾಸ್ತಿ) 6400 ಬೇಕಿದ್ದ ಕಡೆ 800ಕ್ಕಿಂತ ಕೆಳಗೇ ಮುಗಿಯುತ್ತದೆ. ನಿಮ್ಮದರಿಂದ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಹೋದರೆ ಸಿಗುವ ಲಾಭ ಎರಡೂವರೆ ಪಟ್ಟು, ಅಷ್ಟೇ. ಬಜೆಟ್ ಪೂರ್ತಿ ಬಾಡಿಯ ಮೇಲೇ ಸುರಿದು ಹಳೇ ಲೆನ್ಸ್ ಹಾಕಿಕೊಂಡರೆ ಕತ್ತಲು ಕತ್ತಲೇ, ಮಾರಾಯ್ರೇ.

ಆರ್50 ನಿಮಗೆ ಸುಲಭದ ದಾರಿ. ಬ್ಯಾಟರಿ ಈಗಿರುವುದೇ ಆಗುತ್ತದೆ. ಅಡಾಪ್ಟರ್ ಹಾಕಿದರೆ ಎರಡೂ ಲೆನ್ಸ್ ಆಟೋಫೋಕಸ್ ಸಮೇತ ನಡೆಯುತ್ತವೆ. 4ಕೆ ಕ್ರಾಪ್ ಇಲ್ಲ. ಆದರೆ ಒಂದು ಗಂಟೆಗೆ ರೆಕಾರ್ಡಿಂಗ್ ನಿಲ್ಲುತ್ತದೆ, ಸೆನ್ಸರ್ ಗಾತ್ರವೂ ಈಗಿನಷ್ಟೇ. ಹಗಲಿನ ಕಾರ್ಯಕ್ರಮಕ್ಕೆ ಒಳ್ಳೆಯದು.

ಆರ್8 ಫುಲ್ ಫ್ರೇಮ್, ಚಿತ್ರ ಬಹಳ ಚೆನ್ನಾಗಿ ಬರುತ್ತದೆ, ಫೋಕಸ್ ಬಗ್ಗೆ ಮಾತೇ ಇಲ್ಲ. ಒಂದೇ ಏಟಿಗೆ ಎರಡು ಗಂಟೆ ರೆಕಾರ್ಡ್ ಆಗುತ್ತದೆ. ಆದರೆ ಒಂದೇ ಕಾರ್ಡ್ ಸ್ಲಾಟು, ಬ್ಯಾಟರಿಯೂ ಅದೇ ಸಣ್ಣದು. ನಿಮ್ಮ ಲೆನ್ಸ್‌ಗಳು ಇಎಫ್-ಎಸ್ (ಸಣ್ಣ ಸೆನ್ಸರಿಗೆ ಮಾಡಿದವು), ಅವನ್ನು ಹಾಕಿದರೆ ಬಾಡಿ ತಾನೇ ಕ್ರಾಪ್‌ಗೆ ಹೋಗುತ್ತದೆ. ಆಗ ಫುಲ್ ಫ್ರೇಮ್ ತಗೊಂಡು ಏನು ಬಂತು?

ಎಸ್5 ಮಾರ್ಕ್ 2 ಒಳಗೆ ಫ್ಯಾನ್ ಇದೆ, ಸಮಯದ ಮಿತಿ ಇಲ್ಲ. ಎರಡು ಕಾರ್ಡ್ ಹಾಕಿಟ್ಟರೆ ಒಂದು ತುಂಬಿದಾಗ ಇನ್ನೊಂದಕ್ಕೆ ತಾನೇ ಹೋಗುತ್ತದೆ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ಗಂಟೆಗೆ 45 ಜಿಬಿ. ಮೂರೂವರೆ ಗಂಟೆಯ ಕಾಲಮಿತಿ ಆಟಕ್ಕೆ 128 ಜಿಬಿಯ ಎರಡು ಕಾರ್ಡ್ ಧಾರಾಳ. ಪಿಡಿ (ಯುಎಸ್‌ಬಿ ಪವರ್ ಡೆಲಿವರಿ) ಇರುವ ಒಳ್ಳೆಯ ಪವರ್‌ಬ್ಯಾಂಕ್ ಟ್ರೈಪಾಡಿಗೆ ಕಟ್ಟಿಬಿಡಿ. ಕಷ್ಟ ಒಂದೇ, ಇದರದ್ದು ಎಲ್ ಮೌಂಟ್, ಲೆನ್ಸ್ ಕೂರಿಸುವ ಜಾಗವೇ ಬೇರೆ. ನಿಮ್ಮ ಕ್ಯಾನನ್ ಲೆನ್ಸ್ ಇದಕ್ಕೆ ಆಗಿಬರುವುದಿಲ್ಲ ಅಂತಲೇ ಲೆಕ್ಕ ಹಾಕಿ.

ಹಾಗಾಗಿ ಬಾಡಿ ಜೊತೆ 50 ಎಂಎಂ ಎಫ್1.8 ತಗೊಳ್ಳಿ. ದುಬಾರಿ 70-200 ಜೂಮ್ ಲೆನ್ಸ್ ಈಗಲೇ ಬೇಡ. ರಂಗಸ್ಥಳದಿಂದ 10 ಮೀಟರ್ ದೂರ ಕೂತರೆ 50 ಎಂಎಂ ಸುಮಾರು 24 ಅಡಿ ಅಗಲ ತೋರಿಸುತ್ತದೆ, ಭಾಗವತರ ಸಮೇತ ಪೂರ್ತಿ ರಂಗಸ್ಥಳ. 4ಕೆಯಲ್ಲಿ ತೆಗೆದು ಫುಲ್ ಎಚ್‌ಡಿಗೆ ಎಡಿಟ್ ಮಾಡುವಾಗ ಮಧ್ಯದ 12 ಅಡಿಯನ್ನು ಮಾತ್ರ ಕತ್ತರಿಸಿಕೊಂಡರೂ ಸ್ಪಷ್ಟತೆ ಕೆಡುವುದಿಲ್ಲ. ಒಂದೇ ಲೆನ್ಸಲ್ಲಿ ಎರಡು ಶಾಟ್ ಆಯ್ತು. ಆಮೇಲೆ ಕೈಲಾದಾಗ 85 ಎಂಎಂ ಎಫ್1.8.

ಎಕ್ಸ್‌ಪೋಶರ್ ಮ್ಯಾನ್ಯುವಲ್‌ನಲ್ಲೇ ಇರಲಿ. ಬಣ್ಣದ ವೇಷದ (ರಾಕ್ಷಸ ಪಾತ್ರ) ಪ್ರವೇಶಕ್ಕೆ ಲೈಟ್ ತಗ್ಗಿಸಿ ದೊಂದಿಗೆ ರಾಳದ ಪುಡಿ ಎರಚುತ್ತಾರಲ್ಲ, ಆಟೋ ಇದ್ದರೆ ಕ್ಯಾಮೆರಾ ಬೆಂಕಿ ನೋಡಿ ಗಾಬರಿಬಿದ್ದು ವೇಷವನ್ನೇ ಕಪ್ಪು ಮಾಡಿಬಿಡುತ್ತದೆ. ಬೆಂಕಿ ಬಿಳಿಯಾದರೆ ಆಗಲಿ ಬಿಡಿ, ಮುಖವರ್ಣಿಕೆ ಕಂಡರೆ ಸಾಕು.

ಸೌಂಡಿನವರ ಹತ್ತಿರ ಮೊದಲೇ ಹೇಳಿ ಮಿಕ್ಸರ್‌ನಿಂದ ಒಂದು ಔಟ್ ತಗೊಳ್ಳಿ. ಅದನ್ನು ಹಾಗೇ ಮೈಕ್ ಸಾಕೆಟ್ಟಿಗೆ ಚುಚ್ಚಿದರೆ ಚೆಂಡೆಯ ಮೊದಲ ಪೆಟ್ಟಿಗೇ ಸೌಂಡ್ ಒಡೆಯುತ್ತದೆ. ಎಸ್5 ಮಾರ್ಕ್ 2ರ ಮೆನುವಿನಲ್ಲಿ ಮೈಕ್ ಇನ್‌ಪುಟ್ಟನ್ನು ಲೈನ್‌ಗೆ ಬದಲಾಯಿಸಲು ಬರುತ್ತದೆ, ಅದನ್ನು ಮಾಡಿ ಲೆವೆಲ್ ತಗ್ಗಿಸಿ.

ಸೆಕೆಂಡ್ ಹ್ಯಾಂಡ್ ಆದರೆ ಅಂಗಡಿಯಲ್ಲೇ ಕೂತು ಒಂದು ಗಂಟೆ 4ಕೆ ಓಡಿಸಿ, ಎರಡೂ ಕಾರ್ಡ್ ಸ್ಲಾಟ್ ನೋಡಿ, ಆಮೇಲೆ ದುಡ್ಡು ಕೊಡಿ. 200ಡಿ ಮಾರಬೇಡಿ, ಈಗ ಅದಕ್ಕೆ ಹೇಳಿಕೊಳ್ಳುವ ಬೆಲೆಯೂ ಬರುವುದಿಲ್ಲ. ಫುಲ್ ಎಚ್‌ಡಿಯಲ್ಲಿ ಹಿಮ್ಮೇಳದ (ಭಾಗವತರು, ಚೆಂಡೆ, ಮದ್ದಳೆ) ಕಡೆ ತಿರುಗಿಸಿಡಿ, ಅರ್ಧ ಗಂಟೆಯ ಮಿತಿ ಇದೆಯಲ್ಲ, ಪದ್ಯ ಮುಗಿದು ಅರ್ಥ (ವೇಷಧಾರಿಗಳ ಮಾತು) ಶುರುವಾದಾಗ ನಿಲ್ಲಿಸಿ ಮತ್ತೆ ಒತ್ತಿ.

ನೀವು ಸಾಮಾನ್ಯವಾಗಿ ರಂಗಸ್ಥಳದಿಂದ ಎಷ್ಟು ದೂರ ಟ್ರೈಪಾಡ್ ಇಡುತ್ತೀರಿ? ಅದನ್ನು ತಿಳಿಸಿದರೆ 50 ಮೊದಲು ಬೇಕಾ, 85 ಮೊದಲು ಬೇಕಾ ಅಂತ ಸರಿಯಾಗಿ ಹೇಳಬಹುದು.